ಗಿಡ್ಡ ಕಿಸೆಗೆ ಒಂದು ಪೆನ್ನು

ಹೋದ ವಾರ ಗದಗಿನ ಪೆನ್ನಿನ ಅಂಗಡಿಯವರು ನನ್ನ ಮುಂದೆ ಶಾಯಿ ಬಾಟಲಿಯ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಶಾಯಿಯ ವಾಸನೆಗೆ ಕೆಲವರಿಗೆ ಶಾಲೆ ನೆನಪಾಗುತ್ತದಂತೆ. ನನಗೆ ನೆನಪಾಗುವವರು ನಮ್ಮ ಪ್ರೆಸ್ಸಿನ ಮಾಲಕರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆಡದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತದೆ.

ಆಗ ನಾನು ಆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲು, ಸಂಘದ ವರದಿ, ಎಲ್ಲದರ ತಪ್ಪು ತಿದ್ದುವುದು ನನ್ನ ಕೆಲಸ. ಇದ್ದದ್ದು ಬೆಟಗೇರಿಯಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕ ಸೀರೆ ನೇಯುತ್ತಿದ್ದಳು, ಬಿಡುವಾದಾಗ ನನ್ನ ಅಂಗಿಗಳನ್ನೂ ತಾನೇ ಹೊಲಿಯುತ್ತಿದ್ದಳು. ಬಟ್ಟೆ ಉಳಿಸುವ ಚಟ ಅವಳಿಗೆ. ಹಾಗಾಗಿ ನನ್ನ ಕಿಸೆಗಳೆಲ್ಲ ಗಿಡ್ಡ. ಮೇಜಿನ ಮೇಲೆ ಬಗ್ಗಿದರೆ ಪೆನ್ನು ಜಾರಿ ನೆಲಕ್ಕೆ. ಕಿಸೆ ಉದ್ದ ಮಾಡು ಅಂದರೆ ಅವಳು ಗಿಡ್ಡ ಪೆನ್ನು ಹುಡುಕಲು ಹೊರಟಳು.

ನನ್ನ ಅಂಗಿಯನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದಳು. ಗಾಜಿನ ಪೆಟ್ಟಿಗೆಯ ಮೇಲೆ ಅದನ್ನು ಹರವಿ, ಒಂದೊಂದೇ ಪೆನ್ನನ್ನು ಕಿಸೆಗೆ ಇಳಿಸಿ, ಅಂಗಿಯನ್ನು ಎತ್ತಿ ಬಗ್ಗಿಸಿ ನೋಡಿದಳಂತೆ. ಅಂಗಡಿಯವರು ನಕ್ಕರಂತೆ.

“ನಗಬ್ಯಾಡ್ರಿ ಅಣ್ಣಾರ, ನಮ್ಮ ತಮ್ಮ ದಿನಾ ಬಗ್ಗಿ ದುಡಿತಾನ,” ಎಂದು ಹೇಳಿ ಬಂದಳು.

ಕೊನೆಗೂ ಬೀಳದ ಪೆನ್ನೊಂದು ಸಿಕ್ಕಿತು. ಕಡುಗೆಂಪು ಬಣ್ಣ, ನನ್ನ ನಡುಬೆರಳಿಗಿಂತ ತುಸು ಉದ್ದ. ಟೊಪ್ಪಿಗೆಯನ್ನು ಹಿಂದೆ ಸಿಗಿಸಿದರೆ ಮಾತ್ರ ಕೈಗೆ ಸಾಲುವಷ್ಟು ಆಗುತ್ತಿತ್ತು. ಹಾಳೆಯ ಮೇಲೆ ಅದು ಹೋಗುವ ಸುಖ... ಅದನ್ನು ಬಿಡಿ.

ಮಾಲಕರಿಗೆ ಸ್ವಂತ ಪೆನ್ನು ಇಟ್ಟುಕೊಳ್ಳುವ ರೂಢಿ ಇರಲಿಲ್ಲ. ಗಿರಾಕಿ ಬಂದರೆ ಹತ್ತಿರ ಯಾರಿದ್ದಾರೋ ಅವರ ಕಿಸೆಗೆ ಕೈ ಹಾಕುವುದು. ಕೇಳುತ್ತಿರಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ಗೂಟಕ್ಕೆ ತೂಗುಹಾಕಿದ ಅಂಗಿಯಿಂದ ತೆಗೆದ ಹಾಗೆ ತೆಗೆಯುತ್ತಿದ್ದರು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುತ್ತಾರಲ್ಲ, ನಾನು ಕೊಡದೆಯೇ ಕೋಡಂಗಿಯಾದೆ.

ಒಂದು ದಿನ ಲಕ್ಷ್ಮೇಶ್ವರದ ಗಿರಾಕಿಯೊಬ್ಬರಿಗೆ ಬಿಲ್ಲು ಬರೆಯಲು ನನ್ನ ಪೆನ್ನು ಎಳೆದುಕೊಂಡರು. ಬಿಲ್ ಪುಸ್ತಕದಲ್ಲಿ ಕಾರ್ಬನ್ನು. ಅಡಿಯ ಹಾಳೆಯಲ್ಲೂ ಮೂಡಲೆಂದು ಒತ್ತಿ ಒತ್ತಿ ಬರೆದರು. ಬಾಲ್ ಪೆನ್ನಿನ ಕೆಲಸವನ್ನು ನಿಬ್ಬಿನಿಂದ ಮಾಡಿಸಿದರು. ಆಮೇಲೆ ಟೊಪ್ಪಿಗೆ ಹಾಕಿ, ಏನೂ ಆಗಿಲ್ಲವೆಂಬಂತೆ ನನ್ನ ಕಿಸೆಗೆ ಇಳಿಸಿದರು. ನಾನು ತೆಗೆದು ನೋಡಿದರೆ ನಿಬ್ಬು ಕಾಗೆಯ ಕೊಕ್ಕಿನಂತೆ ಬಾಯಿ ಬಿಟ್ಟಿತ್ತು.

“ನಿಬ್ಬ ಹೋತ್ರಿ ಮಾಲಕರ,” ಎಂದೆ.

“ಹೋದ್ರ ಹೋತು. ಅದೇನ್ ಪೆನ್ನಲೇ, ಸಣ್ಣ ಹುಡುಗೂರ ಆಟಿಗಿ ಸಾಮಾನು ಇದ್ದಂಗೈತಿ. ಒಂದು ಗಟ್ಟೀದು ತಗೋ.”

ಗಿರಾಕಿಯೂ ನಕ್ಕರು. ‘ತಪ್ಪಾತು’ ಎಂಬ ಒಂದು ಮಾತು ಬಂದಿದ್ದರೆ ನಾನು ಅಂದೇ ಎಲ್ಲ ಮರೆಯುತ್ತಿದ್ದೆ. ಆ ಒಂದು ಮಾತಿಗಾಗಿ ದಸರೆಯವರೆಗೂ ಕಾದೆ.

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಯಂತ್ರದ ಮುಂದೆ ಎಲ್ಲರೂ ತಮ್ಮ ತಮ್ಮ ಹತ್ಯಾರ ಇಟ್ಟರು. ಕಟಿಂಗಿನವ ಬ್ಲೇಡು ಇಟ್ಟ, ಬೈಂಡಿಂಗಿನವರು ದಬ್ಬಣ ಇಟ್ಟರು. ನಾನು ನನ್ನ ಪೆನ್ನು ಇಟ್ಟೆ. ನಿಬ್ಬು ಹೋಗಿದ್ದರೂ ನನ್ನ ಹತ್ಯಾರ ಅದೇ. ಕುಂಕುಮ ಹಚ್ಚುತ್ತಾ ಬಂದ ಮಾಲಕರು ಟೊಪ್ಪಿಗೆ ತೆಗೆದು ನೋಡಿದರು. “ಕೆಟ್ಟಿದ್ದು ಪೂಜಿಗಿ ಇಡಬಾರ್ದಲೇ,” ಎಂದು ಎರಡು ಬೆರಳಲ್ಲಿ ಎತ್ತಿ ಕಾಗದದ ಚೂರಿನ ಡಬ್ಬಿಗೆ ಎಸೆದರು. ಕೆಡಿಸಿದವರು ಯಾರು ಎಂಬುದು ಅವರ ನೆನಪಿನಲ್ಲೇ ಇರಲಿಲ್ಲ. ಬೇಕಂತಲೇ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮಂಗಳಾರತಿ ಮುಗಿದ ಮೇಲೆ ಡಬ್ಬಿ ನೋಡಿದರೆ ಖಾಲಿ. ಚೂರೆಲ್ಲ ರದ್ದಿಯವನ ಚೀಲ ಸೇರಿತ್ತು.

ಮರುದಿನ ವಿಜಯದಶಮಿ, ಬನ್ನಿ ಹಂಚುವ ಹಬ್ಬ. ನಮ್ಮ ಕಡೆ ಅಂದು ವೈರಿ ಕೊಟ್ಟರೂ ಬನ್ನಿ ಎಲೆ ತೆಗೆದುಕೊಳ್ಳಬೇಕು, ಬಂಗಾರವೆಂದು ಕಣ್ಣಿಗೆ ಒತ್ತಿಕೊಳ್ಳಬೇಕು. ಹಳೆಯ ಜಗಳ ಅಲ್ಲಿಗೆ ಮುಗಿದಂತೆ. ಪ್ರೆಸ್ಸಿನವರೆಲ್ಲ ಮಾಲಕರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದರು. ನಾನು ನಿಂತೇ ಇದ್ದೆ. ಅವರೇ ಬಂದರು.

“ತಗೊಳಪಾ, ಬನ್ನಿ ತಗೊಂಡು ಬಂಗಾರದಂಗ ಇರೋಣು.”

“ಮೊದಲ ಪೆನ್ನಿನ ಮಾತು ಆಡ್ರಿ.”

“ಯಾವ ಪೆನ್ನು?”

ನಾನು ಕೈ ಚಾಚಲಿಲ್ಲ. ಅವರು ನಕ್ಕು, ಎಲೆಗಳನ್ನು ನನ್ನ ಕಿಸೆಗೆ ತುರುಕಿದರು. ಅದೇ ಕಿಸೆಗೆ, ಮತ್ತೆ ಕೇಳದೆ... ಅವನ್ನು ತೆಗೆದು ಪ್ರೂಫಿನ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

“ಬನ್ನಿ ಒಲ್ಲೆ ಅಂದು ಬಂದ್ಯಾ? ಬುದ್ಧಿ ಐತೇನೋ ನಿನಗ?” ಎಂದು ಅಕ್ಕ ಬೈದಳು. ಪೆನ್ನು ಎಸೆದದ್ದನ್ನು ಹೇಳಿದ ಮೇಲೆ ಮಗ್ಗದ ಕುಣಿಗೆ ಇಳಿದು ನೇಯತೊಡಗಿದಳು.

ಮುಂದಿನ ದಸರೆ ಬರುವುದರೊಳಗೆ ಮಾಲಕರು ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ. ದೊಡ್ಡ ಮನಸ್ಸಿನವರಿದ್ದರು ಎಂದು ಇವತ್ತಿಗೂ ಹಲವರು ಹೇಳುತ್ತಾರೆ. ಇರಬಹುದು. ನನ್ನ ಪಾಲಿಗೆ ಬಂದದ್ದು ಆ ಕೈ ಮಾತ್ರ.

ಹೋದ ವಾರ ನಾನು ಹುಡುಕಿಕೊಂಡು ಹೋದದ್ದೂ ದಿನಾ ಕಿಸೆಯಲ್ಲಿಡುವ ಗಿಡ್ಡ ಪೆನ್ನನ್ನೇ. “ಈಗಿನ ಅಂಗಿ ಕಿಸೆ ಆಳ ಇರ್ತಾವ್ರಿ ಸರ, ಉದ್ದಂದು ತಗೋರಿ, ಶೋಭಾ ಕಾಣತೈತಿ,” ಎಂದರು ಅಂಗಡಿಯವರು. ಕಾಣುವುದೇ ನನಗೆ ಬೇಡವಾಗಿತ್ತು. ಕಪ್ಪು ಬಣ್ಣದ್ದೊಂದನ್ನು ಆರಿಸಿ, ಶಾಯಿ ತುಂಬಿಸಿ, ಕಿಸೆಗೆ ಇಳಿಸಿ, ಬಗ್ಗಿ ನೋಡಿದೆ. ಬೀಳಲಿಲ್ಲ. ಅಕ್ಕ ಇದ್ದಿದ್ದರೆ ಇನ್ನೊಮ್ಮೆ ಬಗ್ಗು ಎನ್ನುತ್ತಿದ್ದಳು. ಅವಳೂ ಹೋದಳು...

ಅಷ್ಟರಲ್ಲಿ ಅಂಗಡಿಯವರು ಬಿಲ್ ಪುಸ್ತಕಕ್ಕೆ ಕಾರ್ಬನ್ನು ಸಿಗಿಸಿ, “ಇದರಾಗ ಬರದು ನೋಡೋಣ್ರಿ,” ಎನ್ನುತ್ತಾ ಸಲಿಗೆಯಿಂದ ನನ್ನ ಕಿಸೆಯ ಕಡೆ ಕೈ ಚಾಚಿದರು.

“ಕಿಸೇಕ ಕೈ ಹಚ್ಚಬ್ಯಾಡ್ರಿ!”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಪಾಪ, ಅವರು ಕೈ ಹಿಂದಕ್ಕೆ ಎಳೆದುಕೊಂಡು, “ತಪ್ಪಾತ್ರಿ ಸರ,” ಎಂದರು.

ಎಷ್ಟು ಸುಲಭವಾಗಿ ಬಂತು ಆ ಮಾತು! ಹೇಳಬೇಕಾದವರು ಮಾತ್ರ ಹೇಳದೆ ಹೋದರು.