ಫಕೀರಪ್ಪನ ಬರ್ಫ

ನನ್ನ ಖಾನಾವಳಿಯಲ್ಲಿ ಉಂಡವರಿಗೆ ಕಾಮಣಿ ಹತ್ತಿದ್ದು ನೀನು ಕಬ್ಬಿನ ಹಾಲಿಗೆ ಹಾಕುತ್ತಿದ್ದ ಐಸಿನಿಂದ, ಆ ಬರ್ಫದಿಂದಲ್ಲ, ಫಕೀರಪ್ಪ — ನನ್ನ ಅಡುಗೆಮನೆಯಿಂದ. ಅದು ನನಗೆ ಅಂದೇ ಗೊತ್ತಿತ್ತು.

ರೊಟ್ಟಿ ಬಡಿಯುವ ಗಿರಿಜವ್ವನಿಗೆ ಮೊದಲು ಜ್ವರ, ವಾಂತಿ. ಆಮೇಲೆ ಕಣ್ಣು ಹಳದಿ — ಕಾಮಣಿ, ಅಂದರೆ ಕಾಮಾಲೆ. "ಅಣ್ಣಾರ, ಆರಾಮ ಆಗೂತನಕ ಮನ್ಯಾಗ ಇರ್ತೀನ್ರಿ" ಅಂದಳು. ರೋಣದ ಪೇಟೆಗೆ ಸುಗ್ಗಿಯ ಮಾಲು ಬರುವ ಕಾಲ, ಊಟಕ್ಕೆ ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಕಾಯಿಪಲ್ಯೆಗೆ ಚೌಕಾಸಿ ಮಾಡುವಂತೆ ಅವಳ ರಜೆಗೂ ಮಾಡಿದೆ.

"ಕಾಮಣಿ ಆದವ್ರು ಬೆಂಕಿ ಮುಂದ ಕೂಡಬಾರದವ್ವ, ಖರೇ. ಒಲಿ ಬಿಡು. ನೆಳ್ಳಾಗ ಕುಂತು ಪಚಡಿ ಮಾಡು, ಹಗರ ಕೆಲಸ. ಪಗಾರ ಮುರಿಯಂಗಿಲ್ಲ."

ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ನೀನೇ ನೋಡು. ರೊಟ್ಟಿ ಬೆಂಕಿಯಲ್ಲಿ ಬೇಯುತ್ತದೆ. ಪಚಡಿ — ಹಸಿ ಸೌತೆ, ಮೂಲಂಗಿ, ಮೆಂತ್ಯದ ಸೊಪ್ಪು, ಮೇಲಿಷ್ಟು ಗುರೆಳ್ಳು ಪುಡಿ — ಕೈಯಿಂದ ಕಲಸಿ ಹಾಗೇ ತಾಟಿಗೆ. ಅವಳ ಕೈಗೂ ಗಿರಾಕಿಯ ಬಾಯಿಗೂ ನಡುವೆ ಇದ್ದ ಬೆಂಕಿಯನ್ನು ನಾನೇ ತೆಗೆದೆ. ಗಿರಾಕಿಗಳ ಬೇಸಿನ್ನಿಗೆ ವಾಸನೆಯ ಸೋಪು ಇಟ್ಟಿದ್ದೆ. ಹಿತ್ತಲ ಸಂಡಾಸದ ಪಕ್ಕ ಬರೀ ನೀರಿನ ಡ್ರಮ್ಮು. ಅವಳದೇನು ತಪ್ಪು?

ತಿಂಗಳು ಕಳೆಯುವಷ್ಟರಲ್ಲಿ ಗಿರಾಕಿಗಳು ಒಬ್ಬೊಬ್ಬರೇ ಮಲಗಿದರು. ದಿನಾ ನನ್ನಲ್ಲೇ ಉಣ್ಣುತ್ತಿದ್ದ ಅಬ್ಬಿಗೇರಿಯ ಮಾಸ್ತರರು ದವಾಖಾನೆ ಸೇರಿದರು. ಅವರಿಗೆ ಸಕ್ಕರೆ ಕಾಯಿಲೆ, ನಿನ್ನ ಗಾಡಿಯ ಹತ್ತಿರವೂ ಸುಳಿದವರಲ್ಲ — ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಆರೋಗ್ಯ ಇಲಾಖೆಯ ನರ್ಸಬಾಯಿಯವರು ಬಂದು, "ಅಡಿಗಿ ಮಾಡೋರಿಗೆ ಯಾರಿಗರೆ ಕಾಮಣಿ ಆಗಿತ್ತೇನ್ರಿ?" ಎಂದು ಕೇಳಿದರು.

"ಇಲ್ರಿ. ಎದುರಿನ ಕಬ್ಬಿನ ಹಾಲಿನ ಗಾಡಿ ನೋಡ್ರಿ. ಆ ಬರ್ಫ ಎಲ್ಲಿಂದ ತರ್ತಾನೋ."

ಒಳಗೆ ಗಿರಿಜವ್ವನ ಈಳಿಗೆಯ ಸದ್ದು ನಿಂತಿತು. ಮತ್ತೆ ಶುರುವಾಯಿತು.

ನಿನ್ನ ಗಾಡಿಯನ್ನು ಯಾರೂ ಬಂದು ಮುಚ್ಚಿಸಲಿಲ್ಲ. ನನ್ನ ಮಾತು ಊರೆಲ್ಲ ತಿರುಗಿತು, ಜನ ನಿನ್ನ ಗ್ಲಾಸು ಮುಟ್ಟುವುದನ್ನು ಬಿಟ್ಟರು. ನೀನು ಸವಡಿ ಹಳ್ಳಿಗೆ ಹೋಗಿ ಕಂಡವರ ಹೊಲದಲ್ಲಿ ಕೂಲಿಗೆ ನಿಂತೆ. ಆ ಜಾಗದಲ್ಲಿ ಈಗ ನನ್ನ ಗಿರಾಕಿಗಳ ಮೋಟರ್‌ಸೈಕಲ್ಲುಗಳು ನಿಲ್ಲುತ್ತವೆ.

ನರಗುಂದದಿಂದ ಗಜೇಂದ್ರಗಡದವರೆಗೆ ಖಾನಾವಳಿ ಇಟ್ಟವರಿಗೆಲ್ಲ ಈಗ ನಾನು ಬುದ್ಧಿ ಹೇಳುತ್ತೇನೆ: ಜ್ವರ, ವಾಂತಿ ಎಂದವರನ್ನು ಅಂದೇ ಪಗಾರ ಸಮೇತ ಮನೆಗೆ ಕಳಿಸಿ, ಕಣ್ಣು ಹಳದಿಯಾಗಲೆಂದು ಕಾಯಬೇಡಿ, ಅದಕ್ಕೂ ಮೊದಲೇ ಹರಡುತ್ತದೆ, ಡಾಕ್ಟರು ಹೂಂ ಅನ್ನುವತನಕ ಪಾತ್ರೆಯನ್ನೂ ಮುಟ್ಟಿಸಬೇಡಿ, ಸಂಡಾಸದ ಪಕ್ಕ ಸೋಪು ಇಡಿ, ಲಸಿಕೆಯೂ ಇದೆ, ಹಾಕಿಸಿ. ಇದನ್ನೆಲ್ಲ ಎಲ್ಲಿ ಕಲಿತೆ ಎಂಬುದನ್ನು ಮಾತ್ರ —

ಹೋದ ಸಂತೆಯಲ್ಲಿ ನೀನೇ ನನ್ನನ್ನು ನಿಲ್ಲಿಸಿದೆ. "ಸಾವ್ಕಾರ್ರ, ನನ್ನ ಬರ್ಫದಿಂದ ನಿಮ್ಮ ಗಿರಾಕಿಗೋಳಿಗೆ ಭಾಳ ತ್ರಾಸ ಆತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಅಂದೆ. ಆಗ ನಾನು — ನಿನ್ನ ಹೆಗಲ ಮೇಲೆ ಕೈ ಇಟ್ಟು — "ಇರ್ಲಿ ಬಿಡೋ" ಅಂದೆ. ನಾನು ನಿನ್ನನ್ನು ಕ್ಷಮಿಸಿದೆ, ಫಕೀರಪ್ಪ. ಆ ಕೈ ಇನ್ನೂ ತೊಳೆದಂತಾಗಿಲ್ಲ.

ನಾಳೆ ಮಧ್ಯಾಹ್ನ, ತಾಟು ಹಾಕುವ ಮೊದಲು, ಕೂತವರೆಲ್ಲರ ಎದುರು ಈ ಪತ್ರವನ್ನು ಓದುತ್ತೇನೆ. ಆಮೇಲೆ ಸವಡಿಗೆ ಬರುತ್ತೇನೆ. ನೀನು ಏನೇ ಕೇಳು, ಏನೇ ಅನ್ನು — ಚೌಕಾಸಿ ಮಾಡುವುದಿಲ್ಲ.