ಬಾಟಲಿಗೆ ಹಾಕಿದ ಜಗಳಗಂಟ ಮೀನು

ಎಂತ ಹೇಳುವುದು ಗೆಳತಿಯರೇ, ಇವತ್ತು ನಮ್ಮ ಮನೆಯಲ್ಲಿ ಒಂದು ಮೀನಿನ ದೆಸೆಯಿಂದ ಜಗಳ. ದುಬೈಯಿಂದ ರಜೆಗೆ ಬಂದ ನನ್ನ ಗಂಡ ಟೇಪ್ ರೆಕಾರ್ಡರ್ ತಂದದ್ದು ಸಾಲದೆಂದು ಉಡುಪಿಗೆ ಹೋಗಿ ಗಾಜಿನ ತೊಟ್ಟಿ, ಐದು ಪಟ್ಟೆ ಮೀನು ತಂದಿದ್ದಾರೆ. ಈ ಕಾಪುವಿನಲ್ಲಿ ಮೀನು ಸಾಕುವವರು ನಾವು ಮಾತ್ರ, ಉಳಿದವರೆಲ್ಲ ತಿನ್ನುವವರು.

ಅದರಲ್ಲೊಂದು ಮಹಾ ಜಗಳಗಂಟ. ಉಳಿದವುಗಳ ಬಾಲ ಕಚ್ಚಿ ಹರಿದು ಹಾಕಿತ್ತು. ನಿನ್ನೆ ಅದನ್ನು ಹಿಡಿದು ಬೇರೆಯಾಗಿ ಒಂದು ಬಾಟಲಿಗೆ ಹಾಕಿಬಿಟ್ಟೆ.

"ನೋಡಿ, ಈಗ ಎಷ್ಟು ಶಾಂತವಾಗಿ ಉಂಟು," ಎಂದೆ ಇವತ್ತು ಬೆಳಿಗ್ಗೆ.

"ಶಾಂತ ಎಂತದ್ದು, ನಿನ್ನೆಯಿಂದ ತಿಂದೇ ಇಲ್ಲ ಅದು. ಒಂಟಿ ಮಾಡಬೇಡ ಮಾರಾಯ್ತಿ. ಇನ್ನೂ ನಾಲ್ಕು ತರುತ್ತೇನೆ. ಗುಂಪು ದೊಡ್ಡದಾದರೆ ಒಂದನ್ನೇ ಹಿಡಿದು ಕಚ್ಚುವುದು ತಪ್ಪುತ್ತದೆ," ಎಂದರು. ಆಮೇಲೆ ಮೆಲ್ಲಗೆ, "ದುಬೈಯ ರೂಮಿನಲ್ಲಿ ನನಗೆ ಬೈಯುವವರೇ ಇಲ್ಲ. ಊಟ ಸೇರುವುದಿಲ್ಲ," ಎಂದರು.

ನಾನು ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿದೆ. ಮೀನು ಸೀದಾ ಹೋಗಿ ಇನ್ನೊಂದರ ಬಾಲಕ್ಕೆ ಬಾಯಿ ಹಾಕಿತು. ಇವರು ಖುಷಿಯಲ್ಲಿ ನಕ್ಕರು.

ರಜೆ ಮುಗಿಯಲು ಇನ್ನೊಂದು ವಾರ ಉಂಟು. ಅಷ್ಟರೊಳಗೆ ಮುಂದಿನ ರಜೆಯವರೆಗಿನ ಎರಡು ವರ್ಷಕ್ಕೆ ಸಾಕಾಗುವಷ್ಟು ಬೈದು ಕಳಿಸಬೇಕು.