ಅರಮನೆ ಮುಂದೆ ಕಳೆದ ಎರಡು ಜಡೆಯ ಹುಡುಗ

ನಿಮ್ಮ ತಾತ ಈ ಕತೆಯನ್ನು ನಿಮಗೆ ಎಷ್ಟೋ ಸಲ ಹೇಳಿದ್ದಾರೆ. ಅವರು ಹೇಳುವಾಗ ನಾನು ಒಳಗೆ ಕಾಯಿ ತುರಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಈಗ ಅವರಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಅರವತ್ತರ ದಶಕದ ಮೊದಲಲ್ಲಿ ನಾವು ಗುಬ್ಬಿಯಲ್ಲಿದ್ದೆವು. ನಿಮ್ಮ ಅತ್ತೆಗೆ ಏಳು ವರ್ಷ, ನಿಮ್ಮಪ್ಪನಿಗೆ ನಾಲ್ಕು. ನಿಮ್ಮಪ್ಪನ ಮುಡಿ ಇನ್ನೂ ತೆಗೆಸಿರಲಿಲ್ಲ. ದೇವರಾಯನದುರ್ಗದಲ್ಲಿ ತೆಗೆಸುತ್ತೇವೆಂದು ನನ್ನ ಅತ್ತೆ ಹರಕೆ ಹೊತ್ತಿದ್ದರು. ಮೊದಲ ಕತ್ತರಿ ಸೋದರಮಾವನೇ ಹಾಕಬೇಕು. ಆ ಸೋದರಮಾವ, ಅಂದರೆ ನನ್ನಣ್ಣ, ಮಿಲಿಟರಿಯಲ್ಲಿದ್ದ. ಅವನಿಗೆ ರಜೆ ಸಿಕ್ಕಾಗಲೆಲ್ಲ ನಮಗೆ ಯಾವುದಾದರೂ ಸೂತಕ ಬರುತ್ತಿತ್ತು. ಹಾಗಾಗಿ ಹುಡುಗನ ಕೂದಲು ಭುಜ ದಾಟಿ ಇಳಿದಿತ್ತು. ದಿನಾ ಎರಡು ಜಡೆ ಹೆಣೆಯುತ್ತಿದ್ದೆ. ಬೀದಿ ಹುಡುಗರು "ಏನ್ಲೇ ಜಡೆಯಮ್ಮ" ಎಂದರೆ ಕಲ್ಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದ.

ಒಂದು ಶನಿವಾರ ನಾಲ್ವರೂ ಮೈಸೂರಿಗೆ ಹೊರಟೆವು. ಭಾನುವಾರ ಸಂಜೆ ವಾಪಸ್ಸು ಎಂದು ಅವನಿಗೆ ಎರಡೇ ಜೊತೆ ಬಟ್ಟೆ. ಒಂದು ಜೊತೆ ಕುಣಿಗಲ್ ಬರುವಷ್ಟರಲ್ಲೇ ವಾಂತಿಯಲ್ಲಿ ಮುಗಿಯಿತು. ಭಾನುವಾರ ಬೆಳಿಗ್ಗೆ ಛತ್ರದಲ್ಲಿ ಬಿಳಿ ಅಂಗಿ, ಖಾಕಿ ಚಡ್ಡಿ ಹಾಕಿ ನಿಲ್ಲಿಸಿದೆ.

"ಈಗ ಕಾಣ್ತಾನೆ ನೋಡು ನನ್ ಮಗ" ಎಂದು ನಿಮ್ಮ ತಾತ ಕಾಫಿ ಕುಡಿಯಲು ಹೋದರು. ಅವರು ಬೀದಿ ದಾಟುವಷ್ಟರಲ್ಲಿ ಮಗ ಬಚ್ಚಲ ಮೋರಿಯಲ್ಲಿ ಬಿದ್ದಿದ್ದ. ಉಳಿದದ್ದು ಅಕ್ಕನ ಹೂವಿನ ಫ್ರಾಕು ಮಾತ್ರ.

"ನಾನ್ ಹಾಕ್ಕಳಲ್ಲ."

"ಹಂಗಾರೆ ಇಲ್ಲೇ ಕೂತ್ಕೊ. ನಾವು ಅರಮನೆ ನೋಡ್ಕೊಂಡ್ ಬರ್ತೀವಿ."

ಹಾಕಿಕೊಂಡ. ಅವನಕ್ಕ ಜಡೆಗೆ ಕನಕಾಂಬರ ಬೇರೆ ಮುಡಿಸಿದಳು. ತಾತ ಬಂದವರೇ "ಹೊತ್ತಾಯ್ತು, ನಡೀರಿ" ಎಂದು ಮುಂದೆ ನಡೆದರು. ಹಿಂದೆ ಬರುವವರು ಏನು ಉಟ್ಟಿದ್ದಾರೆ ಎಂದು ತಿರುಗಿ ನೋಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಅರಮನೆಯ ಮುಂದೆ ಒಂದು ಬೋರ್ಡು. ಬೋರ್ಡು ಕಂಡರೆ ತಾತ ಮೇಲಿನಿಂದ ಕೆಳಗಿನವರೆಗೂ ಗಟ್ಟಿಯಾಗಿ ಓದಲೇಬೇಕು. ನಾನು ಗೋಪುರ ನೋಡುತ್ತಾ ನಿಂತೆ. ತಲೆ ಇಳಿಸಿದಾಗ ಪಕ್ಕದಲ್ಲಿ ಮಗಳಿದ್ದಳು, ಮಗನಿರಲಿಲ್ಲ.

ತಾತ ಕಂಡ ಕಂಡವರನ್ನು ನಿಲ್ಲಿಸಿ, "ಗಂಡು ಹುಡ್ಗ ಸ್ವಾಮಿ, ನಾಲ್ಕು ವರ್ಷ. ಬಿಳೀ ಅಂಗಿ, ಖಾಕಿ ಚಡ್ಡಿ" ಎನ್ನತೊಡಗಿದರು. ಅದು ತಪ್ಪೆಂದು ನನಗೆ ಗೊತ್ತು. ಆದರೆ ಸುತ್ತ ಗಂಡಸರು ಗುಂಪು ಕಟ್ಟಿದ್ದರು, ಅಷ್ಟು ಜನರ ಎದುರು ನಾನು ಎಂದೂ ಮಾತಾಡಿದವಳಲ್ಲ. ತಾತನ ಅಂಗಿಯ ತುದಿ ಹಿಡಿದು ಎಳೆದೆ.

"ತಡಿಯೇ, ಹೇಳ್ತಾ ಇದೀನಲ್ಲ" ಎಂದರು.

ಯಾರೋ ಪುಣ್ಯಾತ್ಮ ಬಿಳಿ ಅಂಗಿಯ ಹುಡುಗನೊಬ್ಬನನ್ನು ಎತ್ತಿ ತಂದ. ಅವನ ತಾಯಿ ಬೈಯುತ್ತಾ ಹಿಂದೆಯೇ ಬಂದಳು.

ಆಮೇಲೆ ಒಬ್ಬ ಟಾಂಗಾದವನು ಬಂದ. "ಸ್ವಾಮಿ, ನನ್ ಗಾಡೀಲಿ ಒಂದ್ ಹೆಣ್ಮಗು ಹತ್ತಿ ಕುಂತದೆ. ಕುದ್ರೆ ಓಡ್ಸು ಅಂತದೆ. ನಿಮ್ದಾ?"

ತಾತ ದೂರದಿಂದಲೇ ಹೂವಿನ ಫ್ರಾಕು ನೋಡಿ, "ನಮ್ದಲ್ಲಪ್ಪ, ನಮ್ದು ಗಂಡು" ಎಂದರು.

"ಹಂಗಾರೆ ಠಾಣೆಗೆ ಬುಟ್ಬುಡ್ತೀನಿ" ಎಂದು ಅವನು ಹೋಗಿ ಲಗಾಮು ಹಿಡಿದ.

ನನಗೆ ಎಲ್ಲಿಂದ ದನಿ ಬಂತೋ ಕಾಣೆ. "ನಿಲ್ಸಪ್ಪಾ, ಅದು ನಮ್ದೇ" ಎಂದು ಕೂಗುತ್ತಾ ಓಡಿದೆ. ಎಲ್ಲರೂ ನನ್ನ ಹಿಂದೆ ಓಡಿ ಬಂದರು.

ಟಾಂಗಾದವನು ನಮ್ಮಿಬ್ಬರನ್ನೂ ನೋಡಿದ. "ಒಬ್ರು ನಮ್ದು ಅಂತೀರಿ, ಒಬ್ರು ಅಲ್ಲ ಅಂತೀರಿ. ಮನೇಲೇ ಇತ್ಯರ್ಥ ಮಾಡ್ಕಂಡು ಬರಬಾರದಾ?"

ಜನ ನಕ್ಕರು. ಮಗ ಮಾತ್ರ ಇಳಿಯಲಿಲ್ಲ. "ಅಪ್ಪ ನಮ್ದಲ್ಲ ಅಂತು. ನಾನ್ ಕುದ್ರೆ ಹತ್ರಾನೇ ಇರ್ತೀನಿ."

"ಬಾರೋ, ನಮ್ದೇ ಕಣೋ" ಎಂದರು ತಾತ ಮೆಲ್ಲಗೆ.

"ಗಟ್ಟಿಯಾಗಿ ಹೇಳಿ ಸ್ವಾಮಿ. ಅಲ್ಲ ಅಂದಿದ್ದು ಎಲ್ರಿಗೂ ಕೇಳಿಸ್ಯದೆ" ಎಂದ ಟಾಂಗಾದವನು.

ಅರಮನೆಯ ಮುಂದೆ, ಅಷ್ಟೂ ಜನರ ಎದುರು, ತಾತ ಮೂರು ಸಲ ಹೇಳಿದರು. ಆಗ ಮಗ ಕೈ ಚಾಚಿದ.

ಆವತ್ತು ಅರಮನೆಯ ಒಳಗೆ ಹೋಗುವ ಮನಸ್ಸು ಯಾರಿಗೂ ಉಳಿಯಲಿಲ್ಲ. ಅದೇ ಟಾಂಗಾದಲ್ಲಿ ಛತ್ರಕ್ಕೆ ಹೋಗಿ ಗಂಟು ಕಟ್ಟಿಕೊಂಡು ಬಸ್ಸು ಹಿಡಿದೆವು. ಕುಣಿಗಲ್ ದಾಟುವಾಗ ಮಕ್ಕಳಿಬ್ಬರೂ ನಿದ್ದೆಯಲ್ಲಿದ್ದರು.

"ಫ್ರಾಕು ಹಾಕಿದ್ದು ನಂಗ್ಯಾಕ್ ಹೇಳ್ಲಿಲ್ಲ?" ಎಂದರು ತಾತ.

"ಅಂಗಿ ಎಳೆದ್ನಲ್ಲ" ಎಂದೆ.

ಊರಿಗೆ ಬಂದ ಮೇಲೆ ಅವರು ನನ್ನ ಅತ್ತೆಯ ಮುಂದೆ, "ನಾನು ದೂರದಿಂದ್ಲೇ ಗುರುತು ಹಿಡಿದೆ ಕಣವ್ವ" ಎಂದು ಹೇಳಿದರು. ನೀವು ಕೇಳಿಕೊಂಡು ಬಂದದ್ದು ಆ ಕತೆಯನ್ನೇ. ನಾಲ್ಕು ವರ್ಷದ್ದು ನೆನಪಿಲ್ಲದ ನಿಮ್ಮಪ್ಪನೂ ಅದನ್ನೇ ನಂಬಿದ್ದಾನೆ. ಅವನಿಗೆ ಇದನ್ನು ಓದಿ ಹೇಳುವುದಾದರೆ, ಅಪ್ಪ ನಮ್ಮದಲ್ಲ ಅಂದಲ್ಲಿಗೆ ನಿಲ್ಲಿಸಬೇಡಿ. ಮೂರು ಸಲ ಹೇಳಿದ್ದನ್ನೂ ಓದಿ.